ನಗರ್ತಪೇಟೆಯ ಪರಿಸರ ಮತ್ತು 1898ರ ಪ್ಲೇಗು: ಬದಲಾವಣೆಯ ಸ್ವೀಕಾರ ಕುರಿತ ಒಂದು ಅವಲೋಕನ

ಬೆಂಗಳೂರಿನ ಆಧುನಿಕ ಇತಿಹಾಸದಲ್ಲಿ 1898ನೆಯ ವರ್ಷಕ್ಕೆ ವಿಶಿಷ್ಟ ಸ್ಥಾನವಿದೆ. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಕಾಣಿಸಿಕೊಂಡ ಪ್ಲೇಗು ನಗರದ ಜನಜೀವನವನ್ನು ಮಾತ್ರವಲ್ಲದೆ ಅದರ ಭೌಗೋಳಿಕ ಸ್ವರೂಪವನ್ನೂ ಬದಲಿಸಿತು. 1891ರ ಜನಗಣತಿಯಲ್ಲಿ 80,285 ಇದ್ದ ಬೆಂಗಳೂರು ನಗರದ ಜನಸಂಖ್ಯೆ 1901ರಲ್ಲಿ 69,447ಕ್ಕೆ ಇಳಿಯಿತು. ಇದೇ ಅವಧಿಯಲ್ಲಿ ದಂಡುಪ್ರದೇಶದ ಜನಸಂಖ್ಯೆ 1,00,081ರಿಂದ 89,599ಕ್ಕೆ ಕುಸಿಯಿತು. ಹತ್ತು ವರ್ಷಗಳಲ್ಲಿ ಎರಡೂ ಭಾಗಗಳು ಸೇರಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿದ್ದವು. ಇವರೆಲ್ಲರೂ ಸತ್ತವರಲ್ಲ, ಊರು ಬಿಟ್ಟು ಹೋಗಿ ಹಿಂದಿರುಗದವರೂ ಇದರಲ್ಲಿ ಸೇರಿದ್ದಾರೆ.

ಈ ಘಟನೆಯನ್ನು ಕುರಿತ ಬರಹಗಳು ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯುತ್ತವೆ. ಮೊದಲನೆಯದು ರೋಗದ ಭೀಕರತೆಯನ್ನು ವಿವರಿಸುವುದು; ಎರಡನೆಯದು ಬಸವನಗುಡಿ, ಮಲ್ಲೇಶ್ವರಗಳಂತಹ ಬಡಾವಣೆಗಳ ಉದಯವನ್ನು ಪ್ರಗತಿಯ ಕಥೆಯಾಗಿ ನಿರೂಪಿಸುವುದು. ಎರಡನೆಯ ನಿರೂಪಣೆಯಲ್ಲಿ ಸರ್ಕಾರ ಹಾಗೂ ವೈದ್ಯಶಾಸ್ತ್ರ ತಿಳಿದವರ ಪಕ್ಷವಾಗಿಯೂ ಪೇಟೆಯ ಜನ ತಿಳಿಯದವರ ಪಕ್ಷವಾಗಿಯೂ ಚಿತ್ರಿತವಾಗುತ್ತಾರೆ. ಅಜ್ಞಾನಿಗಳು ಕ್ರಮೇಣ ಮನಸ್ಸು ತೆರೆದು ಹೊಸದನ್ನು ಒಪ್ಪಿಕೊಂಡರು ಎಂಬುದು ಅದರ ಸಾರ. ಆದರೆ ಘಟನಾವಳಿಯನ್ನು ಕ್ರಮವಾಗಿ ಪರಿಶೀಲಿಸಿದಾಗ, ಮನಸ್ಸು ಬದಲಿಸಿಕೊಳ್ಳಬೇಕಾದ ಹೊಣೆ ಉಭಯಪಕ್ಷಗಳ ಮೇಲೂ ಇತ್ತೆಂಬುದು, ಒಂದು ಮುಖ್ಯ ವಿಷಯದಲ್ಲಿ ಜನರ ಅನುಭವವೇ ಅಂದಿನ ಶಾಸ್ತ್ರಕ್ಕಿಂತ ಮುಂದಿತ್ತೆಂಬುದು ಸ್ಪಷ್ಟವಾಗುತ್ತದೆ. ಹಳೆಯ ಪೇಟೆಯ ನಡುಭಾಗದಲ್ಲಿರುವ ನಗರ್ತಪೇಟೆಯ ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು ಈ ಅಂಶವನ್ನು ಇಲ್ಲಿ ವಿವೇಚಿಸಲಾಗಿದೆ.

ಪೇಟೆಯ ರಚನೆ ಮತ್ತು ಜನಜೀವನ

1537ರಲ್ಲಿ ಒಂದನೆಯ ಕೆಂಪೇಗೌಡನು ನಿರ್ಮಿಸಿದನೆಂದು ಪ್ರಸಿದ್ಧವಾಗಿರುವ ಬೆಂಗಳೂರು ಪೇಟೆಯು ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಎಂಬ ಎರಡು ಹೆದ್ದಾರಿಗಳ ಕೂಡುರಸ್ತೆಯನ್ನು ಆಧರಿಸಿ ಬೆಳೆದುದು. ದೊಡ್ಡಪೇಟೆಯೇ ಮುಂದೆ ಅವೆನ್ಯೂ ರಸ್ತೆ ಎನಿಸಿಕೊಂಡಿತು. ಅದರ ಪೂರ್ವಕ್ಕೆ ನಗರ್ತಪೇಟೆ, ಅದಕ್ಕೆ ಹೊಂದಿಕೊಂಡಂತೆ ತಿಗಳರಪೇಟೆ, ಕುಂಬಾರಪೇಟೆ, ಕಬ್ಬನ್‌ಪೇಟೆ, ಹಲಸೂರುಪೇಟೆಗಳಿವೆ. ಕಸುಬಿನ ಹೆಸರು, ಜಾತಿಯ ಹೆಸರು, ದಿಕ್ಕಿನ ಹೆಸರುಗಳಿಂದ ಕರೆಯಲ್ಪಡುವ ಈ ಪೇಟೆಗಳು ಪರಸ್ಪರ ಅವಲಂಬಿಸಿ ಬದುಕಿದ ಘಟಕಗಳು.

ನಗರ್ತಪೇಟೆಗೆ ಹೆಸರು ಬಂದುದು ನಗರ್ತರೆಂಬ ವರ್ತಕ ಸಮುದಾಯದಿಂದ. ಮಧ್ಯಕಾಲೀನ ಕರ್ನಾಟಕದ ಶಾಸನಗಳಲ್ಲಿ ನಗರ, ನಖರ ಎಂಬ ಹೆಸರಿನ ವರ್ತಕ ಸಂಘಗಳ ಉಲ್ಲೇಖಗಳು ಹೇರಳವಾಗಿದ್ದು, ನಗರ್ತ ಎಂಬ ಹೆಸರನ್ನು ಅದೇ ಪರಂಪರೆಯ ಹಿನ್ನೆಲೆಯಲ್ಲಿ ನೋಡಲು ಅವಕಾಶವಿದೆ. ಈ ಸಮುದಾಯದಲ್ಲಿ ಶಿವಾಚಾರದವರೂ ನಾಮಧಾರಿಗಳೂ ಇದ್ದಾರೆ. ಒಂದೇ ವರ್ತಕ ಪರಂಪರೆಯ ಹೆಸರಿನ ಕೆಳಗೆ ಎರಡು ಮತಾಚಾರಗಳು ಬಾಳಿಬಂದಿರುವುದು ಗಮನಾರ್ಹ. ನೆರೆಯ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಡುವ ಕರಗವು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಭೇಟಿಕೊಡುವ ಸಂಪ್ರದಾಯವೂ ಇದೇ ಪರಿಸರದ್ದು. ಆದುದರಿಂದ ಪೇಟೆಯ ಸಮಾಜವು ಅನ್ಯವಾದುದನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಸಮಾಜವಾಗಿತ್ತೆಂದು ಭಾವಿಸಲು ಆಧಾರವಿಲ್ಲ. ವ್ಯಾಪಾರದಿಂದ ಬದುಕುವವರಿಗೆ ಪರಸ್ಥಳದ ಸರಕು, ಪರಭಾಷೆಯ ಗಿರಾಕಿ, ಹೊಸ ನಾಣ್ಯ ಇವು ನಿತ್ಯದ ಸಂಗತಿಗಳು.

ಪೇಟೆಯು ಆ ಮೊದಲೂ ಅನೇಕ ಪಲ್ಲಟಗಳನ್ನು ಕಂಡಿತ್ತು. 1791ರ ಮಾರ್ಚ್ ತಿಂಗಳಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೊದಲು ಪೇಟೆಯನ್ನೂ ಬಳಿಕ ಕೋಟೆಯನ್ನೂ ಹಿಡಿಯಿತು. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ನೇಯ್ಗೆ ಮತ್ತು ವ್ಯಾಪಾರದ ವಿವರಗಳನ್ನು ದಾಖಲಿಸಿದನು. 1862ರಲ್ಲಿ ಪುರಸಭೆಯ ವ್ಯವಸ್ಥೆ, 1864ರಲ್ಲಿ ಮದರಾಸಿನ ಕಡೆಯಿಂದ ರೈಲು, 1880ರ ದಶಕದಲ್ಲಿ ಮೈಸೂರು ಮತ್ತು ಹರಿಹರದ ಕಡೆಗೆ ರೈಲುಮಾರ್ಗ, 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಹೀಗೆ ಒಂದರ ಹಿಂದೊಂದು ಬಂದ ವ್ಯವಸ್ಥೆಗಳಿಗೆ ಪೇಟೆ ಹೊಂದಿಕೊಂಡಿತು.

ಆದರೆ ಬದಲಾಗದೆ ಉಳಿದುದು ಮನೆಯ ರಚನೆ. ಹಳೆಯ ಪೇಟೆಯ ವರ್ತಕರ ಮನೆಗಳು ಸಾಮಾನ್ಯವಾಗಿ ಬೀದಿಯ ಕಡೆಗೆ ಕಿರಿದಾಗಿಯೂ ಒಳಕ್ಕೆ ಉದ್ದವಾಗಿಯೂ ಇದ್ದವು. ಮುಂಭಾಗದಲ್ಲಿ ಜಗುಲಿ ಹಾಗೂ ಅಂಗಡಿ, ಹಿಂದೆ ಪಡಸಾಲೆ, ನಡುಮನೆ, ಅಡಿಗೆಮನೆ, ಮೇಲೆ ಅಟ್ಟ. ಪಕ್ಕದ ಮನೆಯೊಡನೆ ಗೋಡೆ ಕೂಡಿರುತ್ತಿದ್ದುದರಿಂದ ಪಾರ್ಶ್ವಗಳಲ್ಲಿ ಕಿಟಕಿಗಳಿಗೆ ಅವಕಾಶವಿರಲಿಲ್ಲ. ಧಾನ್ಯ, ಬೆಲ್ಲ, ಹತ್ತಿ, ಬಟ್ಟೆಗಳ ದಾಸ್ತಾನು ಜನರ ವಾಸಸ್ಥಳಕ್ಕೆ ಅಂಟಿಕೊಂಡೇ ಇರುತ್ತಿತ್ತು. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು, ಮನೆಯೊಳಗಿನ ಧಾನ್ಯ ಇವು ಮೂರೂ ಸೇರಿ ಇಲಿಗಳಿಗೆ ಅತ್ಯಂತ ಅನುಕೂಲವಾದ ನೆಲೆಯನ್ನು ಒದಗಿಸಿದ್ದವು. ವರ್ತಕನಿಗೆ ಭದ್ರತೆ ನೀಡಿದ್ದ ರಚನೆಯೇ ಪ್ಲೇಗಿನ ಕಾಲದಲ್ಲಿ ಅವನಿಗೆ ಮುಳುವಾಯಿತು.

ರೋಗದ ಆಗಮನ ಮತ್ತು ಸರ್ಕಾರದ ಕ್ರಮಗಳು

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹರಡಿದ ಪ್ಲೇಗು 1896ರಲ್ಲಿ ಮುಂಬಯಿಯನ್ನು ತಲುಪಿತು. ಭಾರತ ಸರ್ಕಾರವು 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ಜಾರಿಗೆ ತಂದು ಅಧಿಕಾರಿಗಳಿಗೆ ಅಸಾಮಾನ್ಯ ಅಧಿಕಾರಗಳನ್ನು ನೀಡಿತು. ಮುಂಬಯಿ ಪ್ರಾಂತದಿಂದ ಧಾರವಾಡ, ಹುಬ್ಬಳ್ಳಿಗಳಿಗೆ ಹಬ್ಬಿದ ರೋಗವು ರೈಲುಮಾರ್ಗದ ಸಂಪರ್ಕದಿಂದ 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದಿತು.

ಆಗ ಮೈಸೂರು ಸಂಸ್ಥಾನದಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ರೀಜೆಂಟ್ ಆಡಳಿತವಿದ್ದು, ಸರ್ ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ವಿ.ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಲಾಯಿತು. ರೈಲು ಪ್ರಯಾಣಿಕರ ತಪಾಸಣೆ, ಮನೆಮನೆಯ ಪರಿಶೋಧನೆ, ರೋಗಿಗಳನ್ನು ಆಸ್ಪತ್ರೆಗೆ ಒಯ್ಯುವುದು, ಅವರೊಡನೆ ಇದ್ದವರನ್ನು ಪ್ರತ್ಯೇಕವಾಸದ ಶಿಬಿರಗಳಿಗೆ ಸಾಗಿಸುವುದು, ಮನೆಗಳಿಗೆ ಕ್ರಿಮಿನಾಶಕ ಸಿಂಪಡಿಸಿ ಸುಣ್ಣ ಬಳಿಯುವುದು, ಗಾಳಿಬೆಳಕಿಗಾಗಿ ಹೆಂಚು ತೆಗೆಯುವುದು ಅಂದಿನ ಪ್ಲೇಗು ನಿಯಂತ್ರಣದ ಸಾಮಾನ್ಯ ವಿಧಾನಗಳಾಗಿದ್ದವು.

ಈ ಕ್ರಮಗಳಿಗೆ ದೇಶದಾದ್ಯಂತ ವಿರೋಧ ವ್ಯಕ್ತವಾಯಿತು. ಪುಣೆಯಲ್ಲಿ ಪ್ಲೇಗು ಅಧಿಕಾರಿ ರ್‍ಯಾಂಡ್‌ನ ಮೇಲೆ 1897ರ ಜೂನ್ 22ರಂದು ಚಾಪೇಕರ ಸೋದರರು ಗುಂಡು ಹಾರಿಸಿದರು. ಮೈಸೂರು ಸಂಸ್ಥಾನದಲ್ಲಿಯೂ 1898ರ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಗಲಭೆ ನಡೆಯಿತು. ಈ ವಿರೋಧವನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಾಗಲಾರದು. ಪ್ಲೇಗಿನ ಗಡ್ಡೆ ಕಂಕುಳಲ್ಲಿ, ತೊಡೆಸಂದಿಯಲ್ಲಿ ಕಾಣಿಸಿಕೊಳ್ಳುವುದರಿಂದ ತಪಾಸಣೆಯೆಂದರೆ ಅಪರಿಚಿತ ಪುರುಷರು ಹೆಂಗಸರ ಮೈ ಮುಟ್ಟುವುದೇ ಆಗಿತ್ತು. ಆಸ್ಪತ್ರೆಗೆ ಸೇರಿದವರಲ್ಲಿ ಬಹುಪಾಲು ಜನ ಸಾಯುತ್ತಿದ್ದುದರಿಂದ ಅಲ್ಲಿಗೆ ಹೋಗುವುದೆಂದರೆ ಸಾವಿಗೆ ಹೋಗುವುದೆಂಬ ಭಾವನೆ ಬಲವಾಗಿತ್ತು. ಅಂದಿನ ಆಸ್ಪತ್ರೆಯ ಬಳಿ ಪ್ಲೇಗಿಗೆ ಖಚಿತವಾದ ಔಷಧವೂ ಇರಲಿಲ್ಲ. ಜಾತಿ ಜಾತಿಗೆ ಅಡಿಗೆ ಬೇರೆಯಾಗಿದ್ದ ಕಾಲದಲ್ಲಿ ಶಿಬಿರದ ಊಟವು ಆಚಾರಭಂಗವೆನಿಸುತ್ತಿತ್ತು. ಸತ್ತವರ ಅಂತ್ಯಕ್ರಿಯೆಯನ್ನು ವಿಧಿಪೂರ್ವಕವಾಗಿ ನಡೆಸಲಾಗದೆಂಬ ಭಯವಿತ್ತು. ವರ್ತಕರಿಗಂತೂ ಮನೆಗೆ ಬೀಗ ಬಿದ್ದರೆ ಅಂಗಡಿಗೂ ಬೀಗ ಬಿದ್ದಂತೆಯೇ. ಇವೆಲ್ಲವೂ ಕಾರಣಸಹಿತವಾದ ಭಯಗಳು. ಈ ಭಯದಿಂದ ರೋಗವನ್ನು ಮುಚ್ಚಿಡುವ ಪ್ರವೃತ್ತಿ ಹೆಚ್ಚಿತು; ಮುಚ್ಚಿಟ್ಟುದರಿಂದ ರೋಗವನ್ನು ಹಿಂಬಾಲಿಸುವ ಸರ್ಕಾರದ ಪ್ರಯತ್ನ ಸೋತಿತು.

ಇಲಿ ಬಿದ್ದ ಮನೆ: ಜನರ ತಿಳಿವಳಿಕೆ ಮತ್ತು ಶಾಸ್ತ್ರದ ತಡ

ಪ್ರಸ್ತುತ ವಿಷಯದಲ್ಲಿ ಅತ್ಯಂತ ಮಹತ್ವದ ಅಂಶವೆಂದರೆ ರೋಗದ ಹರಡುವಿಕೆ ಕುರಿತ ತಿಳಿವಳಿಕೆ. ರೋಗಾಣುವನ್ನು 1894ರಲ್ಲಿಯೇ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದನು. ಆದರೆ ಅದು ಮನುಷ್ಯನಿಗೆ ತಗಲುವ ಬಗೆ ನಿಶ್ಚಿತವಾಗಿರಲಿಲ್ಲ. ಕೊಳಕು, ಕೆಟ್ಟ ಗಾಳಿ, ಸೋಂಕಿದ ನೆಲ, ರೋಗಿಯ ಬಟ್ಟೆಬರೆ, ಮನುಷ್ಯ ಸಂಪರ್ಕ ಇವೇ ಕಾರಣಗಳೆಂದು ಬಹುಮಂದಿ ಅಧಿಕಾರಿಗಳು ಭಾವಿಸಿದ್ದರು. ಆದ್ದರಿಂದಲೇ ಚರಂಡಿಗಳಿಗೂ ಗೋಡೆಗಳಿಗೂ ಕ್ರಿಮಿನಾಶಕ ಸುರಿಯಲಾಯಿತು. ಇಲಿ ಮತ್ತು ಅದರ ಮೈಮೇಲಿನ ಚಿಗಟ ಹಾಗೆಯೇ ಉಳಿದವು. ಕದಲಿಸಿದ ಇಲಿಗಳು ಪಕ್ಕದ ಮನೆಗೆ ಸರಿಯುವ ಅಪಾಯವೂ ಇತ್ತು.

ಇತ್ತ ಕನ್ನಡನಾಡಿನ ಹಳ್ಳಿ, ಪೇಟೆಗಳಲ್ಲಿ ಜನರು ತಮ್ಮದೇ ಆದ ಒಂದು ಲಕ್ಷಣವನ್ನು ಗುರುತಿಸಿಕೊಂಡಿದ್ದರು. ಮನೆಯಲ್ಲಿ ಇಲಿ ಬಿದ್ದರೆ, ಎಂದರೆ ಇಲಿ ತಾನಾಗಿ ಸತ್ತು ಬಿದ್ದುದು ಕಂಡರೆ, ಆ ಮನೆಯನ್ನು ಬಿಟ್ಟು ಹೊರಡಬೇಕು ಎಂಬುದೇ ಆ ತಿಳಿವಳಿಕೆ. ಊರ ಹೊರಗಿನ ಹೊಲ, ತೋಪುಗಳಲ್ಲಿ ಗರಿ, ಹುಲ್ಲು, ಚಾಪೆಗಳಿಂದ ಜೋಪಡಿ ಕಟ್ಟಿಕೊಂಡು ಕೆಲವು ತಿಂಗಳು ಕಳೆಯುವುದು, ರೋಗ ಇಳಿದ ಬಳಿಕ ಮನೆಗೆ ಸುಣ್ಣ ಹೊಡೆಸಿ ಒಳಗೆ ಹೋಗುವುದು ವಾಡಿಕೆಯಾಯಿತು. ಮುಂದಿನ ದಶಕಗಳಲ್ಲಿ ಬಾಲ್ಯ ಕಳೆದ ಕನ್ನಡ ಲೇಖಕರ ನೆನಪುಗಳಲ್ಲಿ ಪ್ಲೇಗಿನ ಜೋಪಡಿಗಳು ಬರುವುದು ಈ ಕಾರಣದಿಂದಲೇ. ಮಾರಿಯ ಕೋಪವೆಂದು ಪೂಜೆ ಸಲ್ಲಿಸಿದವರೂ ಇಲಿ ಬಿದ್ದೊಡನೆ ಮನೆ ಬಿಡಲು ತಡಮಾಡಲಿಲ್ಲ. ಬೆಂಗಳೂರಿನ ತ್ಯಾಗರಾಜನಗರದಲ್ಲಿರುವ ಪ್ಲೇಗಿನ ಮಾರಮ್ಮನ ಗುಡಿ ಆ ಕಾಲದ ಭಕ್ತಿಯ ಗುರುತಾಗಿ ಉಳಿದಿದೆ. ಪೂಜೆ ಮತ್ತು ಪ್ರತ್ಯಕ್ಷಾನುಭವ ಜನರ ಮನಸ್ಸಿನಲ್ಲಿ ಪರಸ್ಪರ ವಿರೋಧಿಗಳಾಗಿರಲಿಲ್ಲ.

ಬೆಂಗಳೂರಿಗೆ ಪ್ಲೇಗು ಬಂದ 1898ರಲ್ಲಿಯೇ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ನಡೆಸಿ, ಇಲಿಯಿಂದ ಇಲಿಗೂ ಇಲಿಯಿಂದ ಮನುಷ್ಯನಿಗೂ ಚಿಗಟದ ಮೂಲಕ ರೋಗ ಹರಡುತ್ತದೆಂದು ಪ್ರತಿಪಾದಿಸಿದನು. ಆದರೆ ಅದೇ ಕಾಲದಲ್ಲಿ ನೇಮಕಗೊಂಡ ಭಾರತೀಯ ಪ್ಲೇಗು ಆಯೋಗ ಈ ವಾದವನ್ನು ಅಂಗೀಕರಿಸಲಿಲ್ಲ. 1905ರಿಂದ ಮುಂಬಯಿಯಲ್ಲಿ ನಡೆದ ಹೊಸ ಸಂಶೋಧನೆಗಳು ಚಿಗಟದ ಪಾತ್ರವನ್ನು ಸ್ಥಾಪಿಸಿದ ಬಳಿಕವೇ ಅದು ಸರ್ವಮಾನ್ಯವಾಯಿತು. ಅಲ್ಲಿಯವರೆಗೆ ಶಾಸ್ತ್ರವು ತನ್ನ ಪೂರ್ವನಿಶ್ಚಯವನ್ನು ಬಿಡಲು ಹಲವು ವರ್ಷ ತೆಗೆದುಕೊಂಡಿತು. ಸತ್ತ ಇಲಿಯನ್ನು ಕಂಡು ಮನೆ ಬಿಟ್ಟವರಿಗೆ ಚಿಗಟದ ವಿಷಯ ತಿಳಿದಿರಲಿಲ್ಲ. ಆದರೆ ಅವರ ನಡೆ ಸರಿಯಾಗಿತ್ತು. ಇಲಿ ಸತ್ತಾಗ ಅದರ ಮೈಬಿಟ್ಟ ಚಿಗಟ ಮನುಷ್ಯನತ್ತ ತಿರುಗುತ್ತದೆಂಬ ಮುಂದಿನ ವಿವರಣೆಯು ಅವರ ನಡೆಗೆ ಶಾಸ್ತ್ರೀಯ ಸಮರ್ಥನೆಯನ್ನು ನೀಡಿತು.

ಸರ್ಕಾರದ ಧೋರಣೆಯಲ್ಲಿಯೂ ಕ್ರಮೇಣ ಬದಲಾವಣೆ ಕಂಡಿತು. ಶತಮಾನ ತಿರುಗುವ ಹೊತ್ತಿಗೆ ಬಲವಂತದ ಕ್ರಮಗಳು ನಿಷ್ಫಲವೆಂಬ ಅಭಿಪ್ರಾಯ ಭಾರತ ಸರ್ಕಾರದಲ್ಲಿ ಬಲಗೊಂಡು, ಸ್ವಇಚ್ಛೆಯ ಸ್ಥಳಾಂತರಕ್ಕೂ ಲಸಿಕೆಗೂ ಪ್ರೋತ್ಸಾಹ ನೀಡುವ ನೀತಿ ಮುಂದೆ ಬಂದಿತು. ಆಡಳಿತವು ತನ್ನ ಹಟವನ್ನು ಸಡಿಲಿಸಿದ ಮೇಲೆಯೇ ಜನರ ಸಹಕಾರಕ್ಕೆ ದಾರಿಯಾಯಿತೆಂಬುದು ಗಮನಾರ್ಹ.

ಲಸಿಕೆಯ ಸ್ವೀಕಾರ

ಜನರ ಅನುಭವ ಎಲ್ಲ ವಿಷಯಗಳಲ್ಲಿಯೂ ಮುಂದಿತ್ತೆಂದು ಇದರಿಂದ ಅರ್ಥವಾಗಬಾರದು. ಮನೆ ಬಿಡುವುದು ರೋಗದಿಂದ ದೂರವಾಗುವ ಉಪಾಯವೇ ಹೊರತು ದೇಹಕ್ಕೆ ರಕ್ಷಣೆ ನೀಡುವ ಉಪಾಯವಲ್ಲ. ಅಂತಹ ರಕ್ಷಣೆ ಹೊರಗಿನಿಂದ ಬರಬೇಕಾಯಿತು. ವಾಲ್ಡೆಮರ್ ಹಾಫ್ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಸಿಕೊಂಡನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಡಾ. ಲ್ಯೂಮನ್ ಅವರ ನೇತೃತ್ವದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಈ ಚುಚ್ಚುಮದ್ದನ್ನು ಪಡೆದರು. ಒಂದು ಕನ್ನಡ ಪಟ್ಟಣದ ವರ್ತಕರೂ ನೇಕಾರರೂ ಕೂಲಿಕಾರರೂ ಹೊಚ್ಚಹೊಸದಾದ ಮದ್ದನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಸ್ವೀಕರಿಸಿದುದು ದೇಶದ ಗಮನ ಸೆಳೆದ ಸಂಗತಿ.

ಹಾಗೆಂದು ಹಿಂಜರಿದವರ ಸಂದೇಹಕ್ಕೆ ನೆಲೆಯೇ ಇರಲಿಲ್ಲವೆನ್ನುವಂತಿಲ್ಲ. 1902ರಲ್ಲಿ ಪಂಜಾಬಿನ ಮಲ್ಕೋವಾಲ್‌ನಲ್ಲಿ ಕಲುಷಿತವಾದ ಒಂದು ಸೀಸೆಯ ಲಸಿಕೆಯಿಂದ 19 ಮಂದಿ ಧನುರ್ವಾಯುವಿಗೆ ಬಲಿಯಾದರು. ಹಾಫ್ಕಿನ್ ಅದಕ್ಕೆ ಹೊಣೆಯಲ್ಲವೆಂದು ಸ್ಪಷ್ಟವಾಗಲು ಐದು ವರ್ಷಗಳು ಬೇಕಾದವು. ಹೊಸದನ್ನು ಪರೀಕ್ಷಿಸದೆ ಒಪ್ಪುವುದು ತೆರೆದ ಮನಸ್ಸಲ್ಲ. ಪರೀಕ್ಷಿಸಿ ಸರಿಯೆನಿಸಿದ ಮೇಲೂ ಒಪ್ಪದಿರುವುದು ವಿವೇಕವಲ್ಲ. ಲಸಿಕೆಯ ಇತಿಹಾಸ ಇವೆರಡನ್ನೂ ಒಟ್ಟಿಗೆ ತೋರಿಸುತ್ತದೆ.

ಈ ಸಂದರ್ಭದಲ್ಲಿ ಬೆಂಗಳೂರಿನಲ್ಲಿ ಸೇವೆ ಸಲ್ಲಿಸಿದ ಡಾ. ಪಿ. ಪಲ್ಪು ಅವರನ್ನು ಸ್ಮರಿಸಬೇಕು. ಈಳವ ಸಮುದಾಯದಲ್ಲಿ ಜನಿಸಿ ಮದರಾಸಿನಲ್ಲಿ ವೈದ್ಯಶಿಕ್ಷಣ ಪಡೆದಿದ್ದ ಅವರಿಗೆ ತಿರುವಾಂಕೂರು ಸಂಸ್ಥಾನ ಜಾತಿಯ ಕಾರಣದಿಂದ ಕೆಲಸ ನಿರಾಕರಿಸಿತ್ತು. ಮೈಸೂರು ಸಂಸ್ಥಾನದ ವೈದ್ಯಕೀಯ ಸೇವೆಗೆ ಸೇರಿದ ಅವರು ಬೆಂಗಳೂರಿನ ಲಸಿಕಾ ತಯಾರಿಕಾ ಕೇಂದ್ರದಲ್ಲಿ ಕೆಲಸಮಾಡಿ, ಪ್ಲೇಗಿನ ದಿನಗಳಲ್ಲಿ ಶಿಬಿರದ ಹೊಣೆ ಹೊತ್ತರು. ಹುಟ್ಟಿದ ನಾಡು ಮುಚ್ಚಿದ ಬಾಗಿಲನ್ನು ಮತ್ತೊಂದು ನಾಡು ತೆರೆದುದರ ಫಲವು ಇಲ್ಲಿನ ರೋಗಿಗಳಿಗೆ ದೊರೆಯಿತು. 1897ರಲ್ಲಿ ಮಹಾರಾಣಿಯವರು ಶಂಕುಸ್ಥಾಪನೆ ಮಾಡಿದ್ದ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್ 8ರಂದು ಲಾರ್ಡ್ ಕರ್ಜನ್ ಅವರಿಂದ ಉದ್ಘಾಟನೆಗೊಂಡಿತು. ಪೇಟೆಯ ಅಂಚಿನಲ್ಲಿಯೇ ನೆಲೆಗೊಂಡ ಈ ಆಸ್ಪತ್ರೆಯು ಆಸ್ಪತ್ರೆಯ ಹೆಸರಿಗೇ ಹೆದರುತ್ತಿದ್ದ ಜನರಿಗೆ ಕಾಲಕ್ರಮದಲ್ಲಿ ಪರಿಚಿತ ಆಶ್ರಯವಾಯಿತು.

ಹೊಸ ಬಡಾವಣೆಗಳು: ಲಾಭ ಮತ್ತು ಮಿತಿ

ಪೇಟೆಯ ಇಕ್ಕಟ್ಟನ್ನು ಕಡಿಮೆಮಾಡುವ ಆಲೋಚನೆ ಪ್ಲೇಗಿಗಿಂತ ಹಿಂದಿನದು. ಚಾಮರಾಜಪೇಟೆಯು 1892ರಲ್ಲಿಯೇ ರೂಪುಗೊಂಡಿತ್ತು. ಬಸವನಗುಡಿ ಮತ್ತು ಮಲ್ಲೇಶ್ವರಗಳ ಯೋಜನೆಯೂ ಅದೇ ದಶಕದ್ದು. ಪ್ಲೇಗು ಈ ಯೋಜನೆಗಳಿಗೆ ತುರ್ತನ್ನು ತಂದುಕೊಟ್ಟಿತು. ನೇರವಾದ ಅಗಲ ರಸ್ತೆ, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ನೈರ್ಮಲ್ಯಕ್ಕಾಗಿ ಓಣಿ, ಗಾಳಿಬೆಳಕು ಬರುವ ಕಿಟಕಿ ಇವು ಹೊಸ ವಾಸದ ಲಕ್ಷಣಗಳಾದವು.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ವಾಸ ಮತ್ತು ವೃತ್ತಿಗಳ ಅಗಲಿಕೆ. ತಲೆಮಾರುಗಳಿಂದ ಅಂಗಡಿಯ ಹಿಂದೆಯೇ ಮನೆ ಇದ್ದ ಕುಟುಂಬಗಳಿಗೆ, ಮನೆ ಒಂದು ಕಡೆ, ವ್ಯಾಪಾರ ಮತ್ತೊಂದು ಕಡೆ ಎಂಬುದು ಹೊಸ ಜೀವನಕ್ರಮ. ಕುಲದೇವತೆಯ ಗುಡಿ, ನೆರೆಹೊರೆಯ ಬಂಧುಗಳು, ದಾಸ್ತಾನಿನ ಮೇಲಿನ ಕಣ್ಣು ಇವೆಲ್ಲದರಿಂದ ದೂರವಾಗಬೇಕಾಗಿತ್ತು. ಆದರೂ ಶಕ್ತರಾದ ಅನೇಕರು ಹೊರಬಂದರು. ಪೇಟೆಯೊಡನೆ ಸಂಬಂಧವನ್ನು ಮಾತ್ರ ಕಡಿದುಕೊಳ್ಳಲಿಲ್ಲ. ಜೋಪಡಿಗೆ ಹೋಗಿ ಹಿಂದಿರುಗುತ್ತಿದ್ದ ಹಳೆಯ ವಾಡಿಕೆಯು ಹೀಗೆ ಶಾಶ್ವತ ರೂಪ ಪಡೆಯಿತೆಂದು ಹೇಳಬಹುದು. ಊರು ಬಿಡುವ ರೂಢಿಗೆ ಒಗ್ಗಿದ್ದ ಮನಸ್ಸಿಗೆ ಬಡಾವಣೆಯು ಪೂರ್ಣ ಅಪರಿಚಿತವಾಗಿರಲಿಲ್ಲ.

ಈ ಬದಲಾವಣೆಯ ಮಿತಿಗಳನ್ನೂ ಮರೆಮಾಚುವಂತಿಲ್ಲ. ಬಡಾವಣೆಗಳ ನಿವೇಶನಗಳನ್ನು ಜಾತಿ, ಮತಗಳ ಆಧಾರದ ಮೇಲೆ ವಿಭಾಗಿಸಿ ಹಂಚುವ ಕ್ರಮವಿತ್ತು. ರಸ್ತೆಗಳು ಅಗಲವಾದರೂ ನೆರೆಹೊರೆಯ ಕಲ್ಪನೆ ಅಷ್ಟು ಅಗಲವಾಗಲಿಲ್ಲ. ಹಣವಿಲ್ಲದ ನೇಕಾರರು, ಹಮಾಲರು, ಕೂಲಿಕಾರರು ಪೇಟೆಯಲ್ಲಿಯೇ ಉಳಿಯಬೇಕಾಯಿತು. ಮುಂದಿನ ದಶಕಗಳಲ್ಲಿಯೂ ಪ್ಲೇಗು ಮರಳಿ ಮರಳಿ ಬಂದಾಗ ಹೆಚ್ಚು ನೊಂದವರು ಇಂಥವರೇ. ಬದಲಾವಣೆಯನ್ನು ಒಪ್ಪಲು ಮನಸ್ಸಿದ್ದರೆ ಸಾಲದು, ಒಪ್ಪಲು ಅನುಕೂಲವೂ ಬೇಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯಲಾರದು.

ಇಲಿಯ ಪಾತ್ರ ಸ್ಥಿರಪಟ್ಟ ಬಳಿಕ ನಗರ ಯೋಜನೆಯ ದೃಷ್ಟಿಯೂ ಬದಲಾಯಿತು. ದಂಡುಪ್ರದೇಶದಲ್ಲಿ 1910ರ ಸುಮಾರಿಗೆ ರೂಪುಗೊಂಡ ಫ್ರೇಜರ್ ಟೌನ್ ಇಲಿ ನುಗ್ಗದ ಮನೆಗಳ ಕಲ್ಪನೆಯ ಮೇಲೆ ನಿಂತುದು. ಅದರ ಯೋಜಕ ಜೆ.ಎಚ್. ಸ್ಟೀಫನ್ಸ್ ಬೆಂಗಳೂರಿನ ಪ್ಲೇಗು ನಿರೋಧಕ ನಗರ ಯೋಜನೆಯನ್ನು ಕುರಿತು 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಇಲಿ ಬಿದ್ದ ಮನೆಯನ್ನು ಬಿಡಬೇಕೆಂದು ಹಳ್ಳಿಯವರು ಹೇಳುತ್ತಿದ್ದ ಮಾತಿಗೂ ಇಲಿ ಬಾರದ ಮನೆಯನ್ನು ಕಟ್ಟಬೇಕೆಂದು ಎಂಜಿನಿಯರು ಹೇಳಿದ ಮಾತಿಗೂ ನಡುವೆ ಇದ್ದ ದೂರ ಹದಿನೈದು ವರ್ಷಗಳಲ್ಲಿ ಬಹಳ ಮಟ್ಟಿಗೆ ಅಳಿದಿತ್ತು.

ಉಪಸಂಹಾರ

1911ರ ಜನಗಣತಿಯ ವೇಳೆಗೆ ಬೆಂಗಳೂರು ನಗರದ ಜನಸಂಖ್ಯೆ 88,651ಕ್ಕೆ ಏರಿ, ಪ್ಲೇಗಿನ ಪೂರ್ವದ ಮಟ್ಟವನ್ನೂ ದಾಟಿತ್ತು. ಅಷ್ಟರೊಳಗೆ 1905ರ ಆಗಸ್ಟ್ 5ರಂದು ನಗರದ ಬೀದಿಗಳಿಗೆ ಶಿವನಸಮುದ್ರದ ವಿದ್ಯುತ್ ದೀಪಗಳು ಬಂದಿದ್ದವು. ನಗರ್ತಪೇಟೆಯೂ ಅದರ ನೆರೆಯ ಪೇಟೆಗಳೂ ಅಳಿಯಲಿಲ್ಲ. ಇಂದಿಗೂ ಅವು ಇಕ್ಕಟ್ಟಿನ ಬೀದಿಗಳಲ್ಲಿ ವ್ಯಾಪಾರದ ನೆಲೆಗಳಾಗಿ ಮುಂದುವರಿದಿವೆ.

ಒಟ್ಟಾರೆಯಾಗಿ ನೋಡಿದಾಗ, 1898ರ ಪ್ಲೇಗಿನ ಇತಿಹಾಸವನ್ನು ಹೊಸತನ್ನು ತಂದವರ ಜಯವೆಂದಾಗಲಿ ಹಳೆಯದನ್ನು ಹಿಡಿದವರ ಸೋಲೆಂದಾಗಲಿ ಬಣ್ಣಿಸುವುದು ಸಾಧುವಲ್ಲ. ಜನರು ಲಸಿಕೆಯನ್ನೂ ಆಸ್ಪತ್ರೆಯನ್ನೂ ದೂರದ ಬಡಾವಣೆಯನ್ನೂ ಒಪ್ಪಿಕೊಂಡರು. ಅಧಿಕಾರಿಗಳು ಬಲವಂತವನ್ನು ಬಿಟ್ಟರು. ಶಾಸ್ತ್ರಜ್ಞರು ತಾವು ಮೊದಲು ತಳ್ಳಿಹಾಕಿದ್ದ ಚಿಗಟದ ವಾದವನ್ನು ಒಪ್ಪಿದರು. ಈ ಮೂರು ಸ್ವೀಕಾರಗಳಲ್ಲಿ ಯಾವುದೊಂದು ನಡೆಯದಿದ್ದರೂ ಉಳಿದೆರಡು ಅಪೂರ್ಣವಾಗುತ್ತಿದ್ದವು. 2020ರ ಮಾರ್ಚ್‌ನಲ್ಲಿ ಕೋವಿಡ್ ಎದುರಿಸಲು 1897ರ ಅದೇ ಕಾಯಿದೆಯನ್ನು ಮತ್ತೆ ಬಳಸಬೇಕಾಗಿ ಬಂದು, ಕರ್ನಾಟಕವು ಅದೇ ವರ್ಷ ತನ್ನದೇ ಆದ ಕಾಯಿದೆಯನ್ನು ರೂಪಿಸಿಕೊಂಡಿತು. ಕಾಯಿದೆಯ ಬಲವೊಂದರಿಂದಲೇ ಜನರ ವಿಶ್ವಾಸ ದೊರೆಯುವುದಿಲ್ಲವೆಂಬುದನ್ನು ಪೇಟೆಯ ಅನುಭವ ಶತಮಾನದ ಹಿಂದೆಯೇ ತೋರಿಸಿಕೊಟ್ಟಿತ್ತು. ಆಳುವವರು ಬೀದಿಯ ಅನುಭವಕ್ಕೂ ಬೀದಿಯವರು ಹೊಸ ಅರಿವಿಗೂ ಕಿವಿಗೊಟ್ಟಾಗ ಮಾತ್ರ ಬದಲಾವಣೆ ನೆಲೆಯೂರುತ್ತದೆ ಎಂಬುದು ಈ ಅವಲೋಕನದಿಂದ ಹೊರಡುವ ತಾತ್ಪರ್ಯ.